ಒಂದೇ ದಿನ ಹುಟ್ಟಿದ ಗಲ್ಲಿ

ಎಲ್ಲ ರಗಳೆಗೂ ಕಾರಣ ಒಂದು ಕಾಲಂ. ಅದೂ ಖಾಲಿ ಕಾಲಂ. ಅದನ್ನು ಅದರ ಪಾಡಿಗೆ ಖಾಲಿ ಬಿಟ್ಟಿದ್ದರೆ ತಿಮ್ಮಣ್ಣ ಆ ಗುರುವಾರ ಸಂಜೆ ನಗುನಗುತ್ತಾ ಮನೆಗೆ ಹೋಗುತ್ತಿದ್ದ.

ತಿಮ್ಮಣ್ಣ ಶಹಾಪುರದಲ್ಲಿ ‘ನೆರಳು’ ಎಂಬ ಹಿರಿಯರ ಸೇವಾ ಸಂಸ್ಥೆಯ ಗುಮಾಸ್ತ. ಸಂಸ್ಥೆಯ ಮುಖ್ಯ ಕಚೇರಿ ಯಾದಗಿರಿಯಲ್ಲಿ. ಶಹಾಪುರದಲ್ಲೊಂದು, ಸುರಪುರದಲ್ಲೊಂದು ಶಾಖೆ. ತಿಮ್ಮಣ್ಣನ ಮನೆಯಿರುವುದು ಸುರಪುರದಲ್ಲಿ. ಮನೆಯಿಂದ ಅಲ್ಲಿನ ಶಾಖೆಗೆ ಎಲೆಅಡಿಕೆ ಅಗಿಯುತ್ತಾ ಹೊರಟರೆ ಬಾಯಿ ಕೆಂಪಾಗುವುದರೊಳಗೆ ತಲುಪಬಹುದು. ಆದರೆ ಆರು ವರ್ಷದಿಂದ ಆ ಮನುಷ್ಯ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಶಹಾಪುರಕ್ಕೆ ಬರುತ್ತಿದ್ದ, ಸಂಜೆ ಮತ್ತೆ ನೇತಾಡಿಕೊಂಡು ಹೋಗುತ್ತಿದ್ದ. ಆರು ವರ್ಷಕ್ಕೆ ಆರು ವರ್ಗಾವಣೆ ಅರ್ಜಿ. ಮ್ಯಾನೇಜರ್ ಬಸವಂತ್ರಾಯರದು ಆರು ಸಲವೂ ಒಂದೇ ಉತ್ತರ.

“ತಿಮ್ಮಣ್ಣ, ನಿಮ್ಮಂಥಾ ಕೆಲಸದ ಮನಷ್ಯಾನ್ನ ಬಿಟ್ಟಕೊಟ್ರ ಇಲ್ಲಿ ನನ್ನ ಗತಿ ಏನ್ರಿ?”

ಒಂದು ವರ್ಷ ಅರ್ಜಿ ಕೊಡುವ ಹೊತ್ತಿಗೇ ಕಚೇರಿಯ ಇನ್ವರ್ಟರ್ ಕೆಟ್ಟಿತ್ತು, ಸುಮ್ಮನಿರಲಾರದೆ ಅದನ್ನು ರಿಪೇರಿ ಮಾಡಿದ್ದ. ಆ ವರ್ಷ ಹೋಯಿತು. ಇನ್ನೊಂದು ವರ್ಷ ಕಳೆದುಹೋದ ಹಳೆಯ ಕಡತವೊಂದನ್ನು ಅಟ್ಟದ ಮೇಲಿಂದ ಹುಡುಕಿಕೊಟ್ಟಿದ್ದ. ಆ ವರ್ಷವೂ ಹೋಯಿತು. ಕೆಲಸ ಬಲ್ಲವನನ್ನು ಯಾವ ಸಾಹೇಬನೂ ಬಿಟ್ಟುಕೊಡುವುದಿಲ್ಲ ಎಂಬುದು ಹೀಗೆ ತಿಮ್ಮಣ್ಣನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು.

ಆ ಗುರುವಾರ, ಫೆಬ್ರವರಿ ಐದನೇ ತಾರೀಖು, ಕಚೇರಿಗೆ ಕಾಲಿಟ್ಟೊಡನೆ ಬಸವಂತ್ರಾಯರು ಕರೆದರು.

“ಸುರಪುರ ಶಾಖೇದಾಗ ಒಂದ್ ಜಾಗ ಖಾಲಿ ಆಗ್ಯಾದ. ಇವತ್ತ ಸಂಜಿ ಒಳಗ ಒಬ್ಬರ ಹೆಸರ ಕಳಸಬೇಕು. ಆರು ಸಲ ತಡದೀನಿ, ಈ ಸಲ ನಿಮ್ಮ ಹೆಸರ ಬರದ ಇಟ್ಟೀನಿ, ನೋಡ್ರಿ ಇಲ್ಲಿ. ಸಹಿ ಒಂದ ಬಾಕಿ ಅದ.”

ಟೇಬಲ್ಲಿನ ಗಾಜಿನಡಿ ವರ್ಗಾವಣೆ ಪತ್ರ ಕಾಣಿಸಿತು. ತಿಮ್ಮಣ್ಣನ ಹೆಸರು ದುಂಡಗೆ, ಚೆಂದಗೆ ಇತ್ತು.

“ಅದಕ್ಕೂ ಮೊದಲ ಒಂದ್ ಕೆಲಸ. ನಮ್ಮ ಹಿರಿಯರ ಪಟ್ಟೀನ್ನ ಯಾದಗಿರಿಯವರು ಕಳಿಸಿದ ಎಕ್ಸೆಲ್ ಶೀಟಿನ್ಯಾಗ ಹಾಕಿ ಹನ್ನೊಂದರ ಒಳಗ ಕಳಸ್ರಿ. ನೀವ ಮಾಡ್ಬೇಕು. ಕಂಪ್ಯೂಟರ್ ಬರ್ತದಲಾ?”

“ಬರ್ತದ್ರಿ, ಬರ್ದೇ ಏನ್ರಿ!” ಎಂದ ತಿಮ್ಮಣ್ಣ. ಹೊರಗೆ ಬಂದವನೇ ಹೆಂಡತಿ ಸರಿತಾಳಿಗೆ ಫೋನು ಹಚ್ಚಿದ. “ಏ, ನಾಳಿಯಿಂದ ಬುತ್ತಿ ಕಟ್ಟಬ್ಯಾಡ. ಮಧ್ಯಾಹ್ನ ಮನಿಗೇ ಉಣ್ಣಾಕ ಬರ್ತೀನಿ.”

“ಈ ಮಾತ ಏಳನೇ ಸಲ ಕೇಳಾಕತ್ತೇನಿ. ನಾಳಿ ಮುಂಜಾನಿ ನೋಡೂಣು” ಎಂದು ಸರಿತಾ ಫೋನಿಟ್ಟಳು.

ಪಟ್ಟಿ ಹಳೆಯದು. ಎಂದೋ ಯಾರೋ ನುಡಿ ಲಿಪಿಯಲ್ಲಿ ಟೈಪು ಮಾಡಿ ವರ್ಡ್ ಕಡತದಲ್ಲಿ ಇಟ್ಟದ್ದು. ಕ್ರಮಸಂಖ್ಯೆ, ಹೆಸರು, ಮನೆ ನಂಬರು, ಫೋನು, ಇಷ್ಟೇ. ತಿಮ್ಮಣ್ಣ ಇಡೀ ಪಟ್ಟಿಯನ್ನು ಒಮ್ಮೆಗೇ ಕಾಪಿ ಮಾಡಿ ಶೀಟಿನ ಮೊದಲ ಚೌಕದಲ್ಲಿ ಪೇಸ್ಟ್ ಮಾಡಿದ. ಹಿರಿಯರ ಹೆಸರುಗಳೆಲ್ಲ ಕೊಂಬು, ಬಾಲ, ಚುಕ್ಕಿಗಳಾಗಿ ಚೆಲ್ಲಾಪಿಲ್ಲಿಯಾದವು.

“ಮೇಡಂ, ಎಲ್ಲಾರೂ ಸತ್ತಾರ್ರೀ!” ಎಂದು ಕೂಗಿಕೊಂಡ.

ಪಕ್ಕದ ಟೇಬಲ್ಲಿನ ಅರ್ಜುಮಂದ ತಲೆಯೆತ್ತದೆ ಹೇಳಿದಳು, “ಯಾರೂ ಸತ್ತಿಲ್ರಿ ತಿಮ್ಮಣ್ಣೋರ. ಫಾಂಟ್ ಬದಲ ಮಾಡ್ರಿ. ನುಡಿ ಇಡ್ರಿ.”

ಅರ್ಜುಮಂದಳ ಮನೆ ಕಚೇರಿಯ ಹಿಂದಿನ ಓಣಿಯಲ್ಲೇ. ಮನೆಯಲ್ಲಿ ಕುಕ್ಕರ್ ಕೂಗಿದರೆ ಇಲ್ಲಿ ಕೂತು ಸೀಟಿ ಎಣಿಸುತ್ತಿದ್ದಳು; ನಾಲ್ಕಾದರೆ ಅತ್ತೆಗೆ ಫೋನು ಮಾಡಿ ಆರಿಸು ಎನ್ನುತ್ತಿದ್ದಳು. ಅವಳ ಸುಖ ಕಂಡಾಗಲೆಲ್ಲ ತಿಮ್ಮಣ್ಣ ಗೋಡೆ ಗಡಿಯಾರದಲ್ಲಿ ತನ್ನ ಬಸ್ಸಿನ ಹೊತ್ತು ನೋಡುತ್ತಿದ್ದ.

ಫಾಂಟು ಬದಲಾಯಿಸಿದೊಡನೆ ಹೆಸರುಗಳು ಜೀವ ಪಡೆದವು. ತಿಮ್ಮಣ್ಣ ಸಮಾಧಾನದಿಂದ ಮುಂದಿನ ಕಾಲಂ ನೋಡಿದ. ಯಾದಗಿರಿಯವರ ಶೀಟಿನಲ್ಲಿ ಹೆಸರಿನ ಪಕ್ಕ ‘ಹುಟ್ಟಿದ ತಾರೀಖು’ ಎಂಬ ಹೊಸ ಕಾಲಂ ಇತ್ತು, ಮನೆ ನಂಬರಿನ ಕಾಲಂ ಅದರಾಚೆ ಸರಿದಿತ್ತು. ಹಿರಿಯರಾರೂ ತಾರೀಖು ಬರೆಸಿದವರೇ ಅಲ್ಲ. ಖಾಲಿ ಇರಬೇಕಾದ ಆ ಕಾಲಂ ಮೇಲಿಂದ ಕೆಳಗಿನವರೆಗೆ ತುಂಬಿಕೊಂಡಿತ್ತು. 05-02-1946. 05-02-1947. 06-02-1951. ಒಂದೊಂದೂ ಅಚ್ಚುಕಟ್ಟಾದ ತಾರೀಖು!

ತಿಮ್ಮಣ್ಣನಿಗೆ ಕಂಪ್ಯೂಟರಿನ ಮೇಲೆ ಅಭಿಮಾನ ಉಕ್ಕಿತು. ಆಧಾರ್ ಕಾರ್ಡಿನಿಂದ ತಾನೇ ಹುಡುಕಿ ತಂದುಕೊಂಡಿದೆ, ಇದಕ್ಕೆ ಹೇಳುವುದೇ ಬೇಡ ಎಂದುಕೊಂಡ. ಮನೆ ನಂಬರಿನ ಕಾಲಮ್ಮಿನಲ್ಲಿ ಫೋನ್ ನಂಬರುಗಳು ಬಂದು ಕೂತಿದ್ದವು. ಅವನ್ನು ಎತ್ತಿ ಒಂದು ಕಾಲಂ ಆಚೆ ಕೂರಿಸಿದ. ಹಾಗಾದರೆ ಮನೆ ನಂಬರು ಎಲ್ಲಿ ಹೋದವು? ಹೋದರೆ ಹೋಗಲಿ. ಆ ಕಾಲಮ್ಮಿಗೆ ಮೇಲಿಂದ ಕೆಳಗೆ ‘ಶಹಾಪುರ’ ಎಂದು ತುಂಬಿ, ಹತ್ತೂ ಐವತ್ತಕ್ಕೆ ಕಳಿಸಿಯೇಬಿಟ್ಟ.

ಹನ್ನೊಂದೂವರೆಗೆ ಯಾದಗಿರಿಯ ಮುಖ್ಯ ಕಚೇರಿಯಿಂದ ಯಶೋಧರಾ ಮೇಡಂ ಫೋನು ಬಂತು. ಹೊಸ ಯೋಜನೆಗಳೆಲ್ಲ ಅವಳ ಕೈಯಲ್ಲಿದ್ದವು.

“ತಿಮ್ಮಣ್ಣೋರ, ನಮ್ಮ ಮಾನ ಉಳಿಸಿದ್ರಿ ನೋಡ್ರಿ! ಹಿರಿಯರ ಹುಟ್ಟುಹಬ್ಬ ಮಾಡೋ ಯೋಜನಾ ಇವತ್ತ ಸುರು ಆಗ್ಬೇಕು. ಶಾಲು, ಮಾಲಿ, ಕೇಕ್, ಎಲ್ಲಾ ತಯಾರ ಅದ, ಹುಟ್ಟಿದವರ ಇಲ್ಲ! ಯಾದಗಿರಿ ಪಟ್ಟಿ ನೋಡಿದ್ರ ಎಲ್ಲಾರೂ ಜೂನ್ ಒಂದಕ್ಕ ಹುಟ್ಟ್ಯಾರ. ಸುರಪುರದವರೂ ಜೂನ್ ಒಂದು. ನಿಮ್ಮ ಪಟ್ಟ್ಯಾಗ ಇವತ್ತ ಒಂದ ದಿನ ಮೂವತ್ತೊಂದ್ ಮಂದಿ ಹುಟ್ಟ್ಯಾರ್ರೀ!”

“ಮೂವತ್ತೊಂದ್ ಮಂದೀರಿ?”

“ಹೌದು. ಗಾಡಿ ತಗೊಂಡ್ ಹೊಂಟೇನಿ. ನೀವ ದಾರಿ ತೋರಸ್ರಿ.”

ಬಸವಂತ್ರಾಯರು ಸುದ್ದಿ ಕೇಳಿ ಹಿಗ್ಗಿದರು. ತಿಮ್ಮಣ್ಣನ ಬೆನ್ನು ತಟ್ಟಿ, ಫೋಟೋದಲ್ಲಿ ಬ್ಯಾನರ್ ನೆಟ್ಟಗೆ ಕಾಣಲಿ ಎಂದು ಹೇಳಿ ಕಳಿಸಿದರು.

ಒಂದು ಗಂಟೆಗೆ ಗಾಡಿ ಬಂತು. ತಿಮ್ಮಣ್ಣ ಫೋನು ಮಾಡಿ ಮಾಡಿ ವಿಳಾಸ ಕೇಳಿದರೆ, ಮೂವತ್ತೊಂದು ಮಂದಿಯೂ ಒಂದೇ ಗಲ್ಲಿಯವರು. ಯಶೋಧರಾ ಇದನ್ನು ಕೇಳಿ ಇನ್ನಷ್ಟು ಖುಷಿಪಟ್ಟಳು. ಮನೆಮನೆ ತಿರುಗುವ ತೊಂದರೆ ತಪ್ಪಿತಲ್ಲ. ಬೇಕರಿಯವನು ಮೂವತ್ತೊಂದು ಹೆಸರಿಗೆ ಜಾಗ ಸಾಲದೆ ಕೇಕಿನ ಮೇಲೆ ‘ಎಲ್ಲರಿಗೂ’ ಎಂದಷ್ಟೇ ಬರೆದಿದ್ದ.

ಮೊದಲ ಮನೆ ಶರೀಫಾಬೀಯದು. ಅಜ್ಜಿಗೆ ತೊಂಬತ್ತರ ಹತ್ತಿರ ವಯಸ್ಸು. ಬಾಗಿಲಲ್ಲಿ ಮಂಚ ಹಾಕಿಕೊಂಡು ಕೂತಿದ್ದಳು.

“ಅಜ್ಜೀ, ಇವತ್ತ ನಿಮ್ಮ ಹುಟ್ಟುಹಬ್ಬ!” ಎಂದು ಯಶೋಧರಾ ಶಾಲು ಹೊದಿಸಿದಳು. “ಎಂಬತ್ತ ತುಂಬ್ತು ನಿಮಗ.”

ಶರೀಫಾಬೀ ಶಾಲನ್ನು ಸವರಿದಳು. ಆಮೇಲೆ ಯಶೋಧರಾಳ ಕೈ ಹಿಡಿದುಕೊಂಡು ಕೇಳಿದಳು, “ಇವತ್ತೇನ್ ಬೇಟಾ? ಖರೇನ ಇವತ್ತೇನ್? ಜ್ವಾಳ ಕೊಯ್ಯೋ ದಿನದಾಗ ಹುಟ್ಟೀದಿ ಅಂತ ನಮ್ಮ ಅಮ್ಮಾ ಹೇಳ್ತಿದ್ದಳು. ತಾರೀಖ ಯಾರಿಗೂ ಗೊತ್ತಿದ್ದಿಲ್ಲ. ಅದನ್ನ ಎಲ್ಲಿ ಹುಡುಕಿದ್ರಿ ನೀವು?” ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತುಂಬಿಬಂತು. ತಿಮ್ಮಣ್ಣನಿಗೆ ಆರು ವರ್ಷದಲ್ಲಿ ತಾನು ಮಾಡಿದ ಒಂದೇ ಒಳ್ಳೆಯ ಕೆಲಸ ಇದು ಎನ್ನಿಸಿತು.

ಅಷ್ಟರಲ್ಲಿ ಒಳಗಿನಿಂದ ಸೊಸೆ ಮಕ್ತುಂಬಿ ಬಂದಳು. ಅವಳ ಹೆಸರೂ ಪಟ್ಟಿಯಲ್ಲಿತ್ತು; ನಿಜವಾದ ವಯಸ್ಸು ಅರವತ್ತಮೂರು.

“ಮಕ್ತುಂಬಿ ಅವರ, ನಿಮಗೂ ಇವತ್ತ ಎಂಬತ್ತ ತುಂಬ್ತು” ಎಂದು ಯಶೋಧರಾ ಇನ್ನೊಂದು ಶಾಲು ಬಿಚ್ಚಿದಳು.

“ಏನಂದ್ರಿ?” ಮಕ್ತುಂಬಿ ಸೊಂಟದ ಮೇಲೆ ಕೈಯಿಟ್ಟಳು. “ನನಗ ಎಂಬತ್ತ? ನಾನೂ ನಮ್ಮ ಅತ್ತಿನೂ ಒಂದ ದಿನ ಹುಟ್ಟೀವೇನು? ಹಂಗಿದ್ರ ಇಕಿ ನನ್ನ ಗಂಡನ್ನ ಹೆಂಗ್ ಹಡದಾಳ? ಮುದಕೀಗಿ ಹತ್ತ ವರ್ಷ ಕಮ್ಮಿ ಮಾಡಿ ಅದನ್ನ ನನ್ನ ತಲಿ ಮ್ಯಾಲ ಹಾಕೀರೇನು?”

“ಶಾಲ ಬ್ಯಾಡಂದ್ರ ನನಗ ಕೊಡ” ಎಂದಳು ಶರೀಫಾಬೀ ಕಣ್ಣೊರೆಸಿಕೊಂಡು.

ಯಶೋಧರಾ ಗೊಂದಲದಿಂದ ಕೈಯಲ್ಲಿದ್ದ ಟ್ಯಾಬು ನೋಡತೊಡಗಿದಳು. ತಿಮ್ಮಣ್ಣ ಅವಳ ಮುಖ ನೋಡಲಾರದೆ ಬಾಗಿಲ ಮೇಲೆ ನೋಡಿದ. ಅಲ್ಲಿ ನೀಲಿ ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ಮನೆ ನಂಬರು ಬರೆದಿತ್ತು: 5-2-46.

ಪಕ್ಕದ ಮನೆ ನೋಡಿದ. 5-2-47. ಅದರಾಚೆ 5-2-48. ಐದನೇ ವಾರ್ಡು, ಎರಡನೇ ಗಲ್ಲಿ, ನಲವತ್ತಾರನೇ ಮನೆ. ನಿಜಾಮನ ಕಾಲದಿಂದ ಬಂದ ಲೆಕ್ಕ. ಆ ಹಾಳು ಶೀಟು ಅದನ್ನು ಫೆಬ್ರವರಿ ಐದು, ಸಾವಿರದ ಒಂಬೈನೂರ ನಲವತ್ತಾರು ಎಂದು ಓದಿಕೊಂಡಿತ್ತು! ಆಧಾರ್ ಕಾರ್ಡನ್ನು ಅದು ಕಣ್ಣಿನಿಂದ ಕೂಡ ಕಂಡಿರಲಿಲ್ಲ.

ಈಗ ಯಶೋಧರಾ ತಲೆಯೆತ್ತಿ ತಗಡು ನೋಡಿದರೆ ಮುಗಿಯಿತು. ಬಸವಂತ್ರಾಯರ ಟೇಬಲ್ಲಿನ ಪತ್ರ ಕಸದ ಬುಟ್ಟಿಗೆ. ತಿಮ್ಮಣ್ಣ ಹಿಂದುಮುಂದು ನೋಡದೆ ಗಾಡಿಯಲ್ಲಿ ತಂದಿದ್ದ ಹೂಬುಟ್ಟಿಯಿಂದ ಚೆಂಡುಹೂವಿನ ಮಾಲೆ ಎತ್ತಿ ತಗಡಿನ ಮೇಲೆ ನೇತುಹಾಕಿದ. ಓಡಿಹೋಗಿ ಮುಂದಿನ ಮನೆಗೊಂದು, ಅದರ ಮುಂದಿನದಕ್ಕೊಂದು.

“ತಿಮ್ಮಣ್ಣೋರ, ಕೊರಳಿಗಿ ಹಾಕೋ ಮಾಲಿ ಬಾಗಲಕ್ಯಾಕ್ರಿ?”

“ನಮ್ಮ ಕಡಿ ಮೊದಲ ಮನಿಗಿ ಹಾಕ್ತಾರ್ರಿ ಮೇಡಂ. ಮನಿ ಇದ್ರ ಮನಷ್ಯಾರು” ಎಂದು ಏದುಸಿರು ಬಿಡುತ್ತಾ ಹತ್ತನೆಯ ಮನೆಯ ಕಟ್ಟೆ ಹತ್ತಿದ. ಮೂವತ್ತೊಂದು ಮಂದಿ ಹಿರಿಯರು ಯಶೋಧರಾ ಹೊದಿಸಿದ ಶಾಲಿನಲ್ಲಿ ಫೋಟೋ ತೆಗೆಸಿಕೊಂಡು, ಬರಿಗೊರಳಿನಲ್ಲಿ, ತಮ್ಮ ಮಾಲೆಗಳು ಬಾಗಿಲಿಗೆ ಹೋಗುವುದನ್ನು ನೋಡುತ್ತಾ ಕೂತರು. ಮಾಲೆ ಮುಗಿದ ಮೇಲೆ ಉಳಿದ ತಗಡುಗಳಿಗೆ ಬ್ಯಾನರಿನ ತುದಿ ಕಟ್ಟಿ ಮುಚ್ಚಿದ.

ಗಲ್ಲಿಯ ಎಲ್ಲ ನಂಬರುಗಳೂ ಮರೆಯಾದವು. ತಿಮ್ಮಣ್ಣ ಅಂಗಿಯ ತೋಳಿನಿಂದ ಬೆವರು ಒರೆಸಿಕೊಂಡ. ಯಶೋಧರಾ ಇನ್ನೇನು ಎಲ್ಲರನ್ನೂ ಸೇರಿಸಿ ಕೇಕು ಕೊಯ್ಯಿಸಬೇಕು, ಗಲ್ಲಿಯ ಆ ತುದಿಯಿಂದ ಕೋಲು ಕುಟ್ಟುತ್ತಾ ಮರಿಲಿಂಗಮ್ಮ ಬಂದಳು. ಬಾಯಲ್ಲಿ ಹಲ್ಲಿರಲಿಲ್ಲ, ಮಾತಿಗೆ ಕೊರತೆಯಿರಲಿಲ್ಲ.

“ಎಲ್ಲಾರಿಗೂ ಶಾಲ ಕೊಟ್ಟೀರಿ, ನನಗ್ಯಾಕಿಲ್ಲ?”

ಯಶೋಧರಾ ಟ್ಯಾಬಿನಲ್ಲಿ ಹುಡುಕಿದಳು. ಹುಬ್ಬು ಮೇಲೇರಿತು. “ಅಜ್ಜೀ, ನೀವು... ನೀವು ಇನ್ನಾ ಹುಟ್ಟಿಲ್ಲ. ಎರಡ್ ಸಾವಿರದ ಇಪ್ಪತ್ತೆಂಟರಾಗ ಹುಟ್ಟವ್ರು. ಹುಟ್ಟಾಕ ಇನ್ನಾ ಎರಡ್ ವರ್ಷ ಅದಾವ.”

“ಹುಟ್ಟಿಲ್ಲ?” ಮರಿಲಿಂಗಮ್ಮ ಕೋಲನ್ನು ನೆಲಕ್ಕೆ ಬಡಿದಳು. “ನಾ ಹುಟ್ಟಿಲ್ಲಂದ್ರ ನನ್ನ ಮೊಮ್ಮಕ್ಕಳ್ನ ನಿಮ್ಮಪ್ಪ ಹಡದಾನೇನ? ಈ ಓಣ್ಯಾಗ ನಾ ಮೊದಲ ಬಂದಾಕಿ! ಬೇಕಾದ್ರ ಬಂದ ನೋಡ್ರಿ, ನನ್ನ ಮನಿ ನಂಬರ್ ಐದು-ಎರಡು-ಇಪ್ಪತ್ತೆಂಟು!”

ತಿಮ್ಮಣ್ಣ ಕೆಮ್ಮಿದ. ಜೋರಾಗಿ ಕೆಮ್ಮಿದ. ಏನೂ ಉಪಯೋಗವಾಗಲಿಲ್ಲ.

“ಐದು, ಎರಡು, ಇಪ್ಪತ್ತೆಂಟು” ಎಂದು ಯಶೋಧರಾ ಟ್ಯಾಬು ನೋಡುತ್ತಾ ನಿಧಾನವಾಗಿ ಹೇಳಿದಳು. ಆಮೇಲೆ ಶರೀಫಾಬೀಯ ಬಾಗಿಲಿಗೆ ಹೋಗಿ ಮಾಲೆಯನ್ನು ಒಂದು ಬೆರಳಿನಿಂದ ಸರಿಸಿ ನೋಡಿದಳು. ನಾಳಿನ ಪಟ್ಟಿ ತೆರೆದಳು. ನಾಳೆ ಆರನೇ ವಾರ್ಡಿನ ಎರಡನೇ ಗಲ್ಲಿ ಪೂರ್ತಿ ಹುಟ್ಟಲಿತ್ತು. ನಾಡಿದ್ದು ಏಳನೇ ವಾರ್ಡು. ಮಾರ್ಚ್ ಬಂದರೆ ಊರಿನ ಮೂರನೇ ಗಲ್ಲಿಗಳ ಸರದಿ.

“ತಿಮ್ಮಣ್ಣೋರ” ಎಂದಳು, ಅಳುವುದೋ ನಗುವುದೋ ತಿಳಿಯದೆ. “ಫೋಟೋ ಆಗಲೇ ಮ್ಯಾಲಿನವರಿಗಿ ಹೋಗ್ಯಾವ. ನನ್ನ ಮಾನಾನೂ ಹೋಗ್ತದ, ನಿಮ್ದೂ ಹೋಗ್ತದ. ನಾಕ ಗಂಟೆ ಒಳಗ ಪಟ್ಟಿ ಸರಿ ಮಾಡಿ ಕಳಸ್ರಿ. ಇವತ್ತಿಂದು ಆಗಿದ್ದು ಆಗಿಹೋತು.”

ಮರಿಲಿಂಗಮ್ಮನಿಗೆ ಶಾಲಿನ ಜೊತೆ ಕೇಕಿನ ದೊಡ್ಡ ತುಂಡನ್ನೂ ಕೊಟ್ಟರು. ಯಶೋಧರಾ ಹೊರಡುವಾಗ ಶರೀಫಾಬೀ ಮುಂದಿನ ವರ್ಷವೂ ಬರಬೇಕೆಂದು ಹೇಳಿದಳು. ಅದು ಮನೆ ನಂಬರು ಅಜ್ಜೀ ಎಂದು ಹೇಳುವ ಧೈರ್ಯ ಇಬ್ಬರಿಗೂ ಆಗಲಿಲ್ಲ, ಹೇಳಬೇಕೆಂದೂ ಅನ್ನಿಸಲಿಲ್ಲ.

ತಿಮ್ಮಣ್ಣ ಕಚೇರಿಗೆ ಓಡಿಬಂದು ಕುರ್ಚಿಗೆ ಬಿದ್ದ. ಕಥೆಯೆಲ್ಲ ಕೇಳಿ ಅರ್ಜುಮಂದ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

“ಪೇಸ್ಟ್ ಮಾಡೋಕಿಂತ ಮೊದಲ ಆ ಕಾಲಂನ್ನ ಟೆಕ್ಸ್ಟ್ ಅಂತ ಮಾಡ್ರಿ. ಇದು ತಾರೀಖಲ್ಲ, ಬರೇ ಅಕ್ಷರ ಅಂತ ಅದಕ್ಕ ಹೇಳಬೇಕು. ಇಲ್ಲಂದ್ರ ತನಗ ತಿಳದಂಗ ಮಾಡ್ತದ” ಎಂದಳು. ಅಷ್ಟೇ ಹೇಳಿದ್ದು. ಅಷ್ಟರಲ್ಲಿ ಹಿಂದಿನ ಓಣಿಯಲ್ಲಿ ಕುಕ್ಕರ್ ಕೂಗಿ, ಅವಳ ಲಕ್ಷ್ಯ ಅತ್ತ ಹೋಯಿತು.

ಉಳಿದದ್ದನ್ನು ತಿಮ್ಮಣ್ಣ ತಾನೇ ಮಾಡಿದ. ಹಳೆಯ ಪಟ್ಟಿಯ ಒಂದೊಂದು ಕಾಲಮ್ಮನ್ನೂ ಬೇರೆ ಬೇರೆಯಾಗಿ ಎತ್ತಿ ತಂದ, ಹೆಸರಿನ ಪಕ್ಕ ಹುಟ್ಟಿದ ತಾರೀಖನ್ನು ಖಾಲಿ ಬಿಟ್ಟ, ಮನೆ ನಂಬರನ್ನು ಮನೆ ನಂಬರಿನ ಜಾಗದಲ್ಲಿ ಕೂರಿಸಿದ. ಒಂದೊಂದು ಸಾಲನ್ನೂ ಬೆರಳಿಟ್ಟು ನೋಡಿದ. ಮೂರೂ ಐವತ್ತಕ್ಕೆ ಕಳಿಸಿದಾಗ ಒಂದೇ ಒಂದು ತಪ್ಪಿರಲಿಲ್ಲ. ತನ್ನ ಕೆಲಸ ಕಂಡು ಅವನಿಗೇ ಹೆಮ್ಮೆಯಾಯಿತು, ಮರುಕ್ಷಣವೇ ಹೆದರಿಕೆಯಾಯಿತು.

ನಾಲ್ಕೂಕಾಲಿಗೆ ಬಸವಂತ್ರಾಯರು ಕರೆದರು. ಮುಂದೆ ವರ್ಗಾವಣೆ ಪತ್ರವಿತ್ತು, ಕೈಯಲ್ಲಿ ಪೆನ್ನಿತ್ತು.

“ಯಶೋಧರಾ ಮೇಡಂ ಫೋನ್ ಮಾಡಿದ್ರು. ಮುಂಜಾನಿ ಪಟ್ಟಿ ಕೆಡಿಸಿದವರು ಯಾರ್ರಿ?”

“ನಾನ್ರಿ ಸಾಹೇಬ್ರ” ಎಂದ ತಿಮ್ಮಣ್ಣ.

“ಮತ್ತ ಈಗ ಸರಿ ಮಾಡಿದವರು? ಇಷ್ಟ ಚೊಕ್ಕ ಪಟ್ಟಿ ಮೂರೂ ಊರಾಗ ಯಾರೂ ಕಳಿಸಿಲ್ಲಂತ. ಮ್ಯಾಲಿನವರು ಹೆಸರ ಕೇಳ್ಯಾರ.”

ತಿಮ್ಮಣ್ಣನ ಕಣ್ಣ ಮುಂದೆ ಇನ್ವರ್ಟರ್ ಬಂತು, ಅಟ್ಟದ ಮೇಲಿನ ಕಡತ ಬಂತು. ನಾನೇ ಅಂದರೆ ಸತ್ತೆ, ನಿಮ್ಮಂಥಾ ಕೆಲಸದ ಮನುಷ್ಯ ಅಂತ ಈಗ ಶುರುಮಾಡುತ್ತಾರೆ ಎಂದುಕೊಂಡ. ಆರು ವರ್ಷದ ಬುದ್ಧಿಯನ್ನೆಲ್ಲ ಒಟ್ಟು ಮಾಡಿ ಬಾಯಿ ತೆರೆದ.

“ಅರ್ಜುಮಂದ ಮೇಡಂ ರೀ. ಎಲ್ಲಾ ಅವರ ಮಾಡಿದ್ದು. ನನಗ ಕಂಪ್ಯೂಟರ್ ಅಂದ್ರ ಏನೂ ತಿಳೀದಿಲ್ರಿ. ಖರೇ ಹೇಳ್ಬೇಕಂದ್ರ ನಾ ಈ ದಫ್ತರದಾಗ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ.”

ಬಸವಂತ್ರಾಯರು ಉಸಿರು ಬಿಟ್ಟರು. “ಏಟ್ ಛಲೋ ಆತು ನೀವ ಖರೇ ಹೇಳಿದ್ದು. ದೊಡ್ಡ ತಪ್ಪ ಮಾಡ್ತಿದ್ದೆ ನಾನು.” ಪೆನ್ನಿನ ಮುಚ್ಚಳ ತೆಗೆದು ತಿಮ್ಮಣ್ಣನ ಹೆಸರಿನ ಮೇಲೆ ಉದ್ದಕ್ಕೆ ಗೆರೆ ಎಳೆದರು. “ಸುರಪುರದವರು ಒಂದ ಮಾತ ಬರದಾರ: ಕಂಪ್ಯೂಟರ್ ಬರೋರನ್ನ ಕಳಸ್ರಿ, ಇಲ್ಲಂದ್ರ ಯಾರೂ ಬ್ಯಾಡ. ನಿಮಗ ಬರ್ತದೋ ಇಲ್ಲೋ ನೋಡಾಕೇ ಮುಂಜಾನಿ ಆ ಪಟ್ಟಿ ಕೊಟ್ಟಿದ್ದೆ.” ಗೆರೆಯ ಮೇಲೆ ಅರ್ಜುಮಂದ ಎಂದು ಬರೆದು, ಸಹಿ ಹಾಕಿ, ಠಸ್ಸೆ ಒತ್ತಿದರು.

“ಸಾಹೇಬ್ರ! ನಾನ್ರಿ! ನಾನ ಮಾಡೀನ್ರಿ ಪಟ್ಟಿ! ನನಗ ಬರ್ತದ್ರಿ!”

“ತಿಮ್ಮಣ್ಣ” ಎಂದು ಬಸವಂತ್ರಾಯರು ಬೇಸರದಿಂದ ನೋಡಿದರು. “ಒಂದ್ ನಿಮಿಷದ ಹಿಂದ ಎಷ್ಟ ದೊಡ್ಡ ಮನಷ್ಯಾ ಆಗಿದ್ರಿ. ಪಾಪ, ಆ ಹೆಣಮಗಳ ಕೆಲಸಾನ್ನ ನಿಮ್ದು ಅನಬ್ಯಾಡ್ರಿ. ಹೋಗ್ರಿ, ಅವರನ್ನ ಕಳಸ್ರಿ.”

ಅರ್ಜುಮಂದ ಒಳಗೆ ಹೋಗಿ ಹೊರಗೆ ಬರುವಾಗ ಅವಳ ಕೈಯಲ್ಲಿ ಪತ್ರವಿತ್ತು, ಮುಖದಲ್ಲಿ ರಕ್ತವಿರಲಿಲ್ಲ. ತಿಮ್ಮಣ್ಣನ ಟೇಬಲ್ಲಿನ ಮುಂದೆ ಬಂದು ನಿಂತಳು. ಬೈದರೆ ಸಾಕಿತ್ತು; ಬೈಯಲಿಲ್ಲ.

“ತಿಮ್ಮಣ್ಣೋರ, ನನ್ನ ಹೆಸರ ನೀವ ಹೇಳಿದ್ರಂತಲ್ಲ?”

ತಿಮ್ಮಣ್ಣ ಕೀಬೋರ್ಡನ್ನೇ ನೋಡುತ್ತಿದ್ದ.

“ನಾ ಹುಟ್ಟಿದ ಮ್ಯಾಲ ಒಬ್ಬಾಕಿನ ಬಸ್ ಹತ್ತಿಲ್ರಿ. ಮುಂಜಾನಿ ಸುರಪುರಕ್ಕ ಎಷ್ಟಕ್ ಬಸ್ ಅದ, ಅದರೇ ಹೇಳ್ರಿ.”

“ಎಂಟೂ ಹತ್ತಕ್ಕ ಒಂದ್ ಅದ್ರಿ ಮೇಡಂ” ಎಂದ ತಿಮ್ಮಣ್ಣ ಸಣ್ಣ ದನಿಯಲ್ಲಿ. “ಎಡಕ್ಕ ಕುಂಡರಬ್ಯಾಡ್ರಿ, ಮಾರಿ ಮ್ಯಾಲ ಬಿಸಲ ಬೀಳ್ತದ. ಬಲಕ್ಕ ಕಿಡಕಿ ಹಂತ್ಯಾಕ ಕುಂಡರ್ರಿ. ಹತ್ತಿಗೂಡೂರ ಹತ್ರ ಎದುರಿಗಿ ಒಂದ್ ಬಸ್ ಬರ್ತದ. ಅದರಾಗ ನಾ ನೇತಾಡಕೋತ ಬರ್ತಿರ್ತೀನಿ.”